ಕೋವಿಯ ನಳಿಗೆ: ಒರೆಸಿದರೆ ಸಾಲದು, ನೋಡಬೇಕು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಕೃಷಿಕ ಸದಸ್ಯರ ಮಾಹಿತಿ ಶಿಬಿರದಲ್ಲಿ, ನಮ್ಮ ಸದಸ್ಯರೂ ನಿವೃತ್ತ ಸೈನಿಕರೂ ಆದವರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳಗ್ಗಿನಿಂದ ಅಡಿಕೆಯ ಕೊಳೆರೋಗದ ಬಗ್ಗೆ ಕೇಳಿದಿರಿ, ಬೆಳೆವಿಮೆಯ ಬಗ್ಗೆ ಕೇಳಿದಿರಿ. ನನಗೆ ಕೊಟ್ಟ ವಿಷಯ ಕೋವಿಯ ನಳಿಗೆ. ಸಹಕಾರಿ ಸಂಘದ ಸಭೆಯಲ್ಲಿ ಕೋವಿಯ ಮಾತು ಯಾಕಪ್ಪ ಎಂದು ತಾಯಂದಿರು ಹೆದರುವುದು ಬೇಡ. ಸಾಲ ಬಾಕಿ ಇದ್ದವರೂ ಹೆದರುವುದು ಬೇಡ. ಕಾರ್ಯದರ್ಶಿಯವರು ಮನೆಗೆ ಬಂದು, "ನೀವು ಮಿಲಿಟರಿಯಲ್ಲಿ ಇದೇ ಕೆಲಸ ಮಾಡಿದವರಲ್ವಾ, ನಮ್ಮ ಸದಸ್ಯರಲ್ಲಿ ಲೈಸನ್ಸ್ ಕೋವಿ ಇರುವವರು ಸುಮಾರು ಮಂದಿ ಇದ್ದಾರೆ, ನಾಲ್ಕು ಮಾತು ಹೇಳಿ" ಎಂದರು. ಹಾಗಾಗಿ ನಿಂತಿದ್ದೇನೆ. ನಾನು ಭಾಷಣಗಾರನಲ್ಲ. ಸೈನ್ಯದ ಇ.ಎಂ.ಇ. ವಿಭಾಗದಲ್ಲಿ ಆರ್ಮರರ್ ಆಗಿದ್ದವನು. ಆರ್ಮರರ್ ಅಂದರೆ ರೈಫಲ್ ಹಾರಿಸುವವನಲ್ಲ, ಬೇರೆಯವರು ಹಾರಿಸಿದ ರೈಫಲನ್ನು ಬಿಚ್ಚಿ, ಪರೀಕ್ಷೆ ಮಾಡಿ, ರಿಪೇರಿ ಮಾಡಿ ಕೊಡುವವನು.

ನಮ್ಮ ಊರು ಈಗ ಮಂಗಳೂರು ನಗರದ ಅಂಚಿಗೆ ಬಂದು ಮುಟ್ಟಿದೆ. ಗುಡ್ಡದ ಆ ಕಡೆ ಬಹುಮಹಡಿ ಕಟ್ಟಡ ಕಾಣುತ್ತದೆ. ನಮ್ಮ ಕೋವಿ ಲೈಸನ್ಸಿನ ಕೆಲಸಕ್ಕೂ 2010ರಲ್ಲಿ ನಗರಕ್ಕೆ ಪೊಲೀಸ್ ಕಮಿಷನರೇಟ್ ಬಂದ ಮೇಲೆ ಕಮಿಷನರ್ ಕಚೇರಿಗೇ ಹೋಗಬೇಕು. ಆದರೆ ಊರು ಪೇಟೆಯಾಯಿತೆಂದು ಹಂದಿಗೆ ಯಾರು ಹೇಳಬೇಕು? ಅದು ಮೊದಲಿನಂತೆಯೇ ರಾತ್ರಿ ಬಂದು ಮರಗೆಣಸು ಅಗೆದು ಹಾಕುತ್ತದೆ, ಅಡಿಕೆ ಸಸಿಯ ಬುಡ ಎಬ್ಬಿಸುತ್ತದೆ. ಮಂಗ ಎಳನೀರು ಕೆಡವುತ್ತದೆ. ಆದ್ದರಿಂದ ಬೆಳೆ ರಕ್ಷಣೆಯ ಕೋವಿ ಇನ್ನೂ ನಮ್ಮ ಮನೆಗಳಲ್ಲಿ ಉಂಟು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲೈಸನ್ಸ್ ಇದ್ದ ಮಾತ್ರಕ್ಕೆ ಕಾಡುಪ್ರಾಣಿ ಕೊಲ್ಲುವ ಹಕ್ಕು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದರ ಮೇಲೆ ಕೂತಿದೆ. ನಮ್ಮ ಕೋವಿಯ ಕೆಲಸ ಹೆಚ್ಚಾಗಿ ಶಬ್ದ ಮಾಡಿ ಓಡಿಸುವುದು. ವರ್ಷಕ್ಕೆ ನಾಲ್ಕೋ ಐದೋ ಈಡು. ಉಳಿದ ದಿನವೆಲ್ಲ ಅದು ಗೋಡೆಯ ಮೂಲೆಯಲ್ಲಿ ನಿಂತಿರುತ್ತದೆ.

ತೊಂದರೆ ಇರುವುದು ಆ ನಿಂತಿರುವ ದಿನಗಳಲ್ಲಿ. ನಳಿಗೆ ಹಾಳಾಗುವುದು ಹಾರಿಸಿ ಅಲ್ಲ, ಹಾರಿಸದೆ. ನಮ್ಮ ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಆ ನಾಲ್ಕು ತಿಂಗಳು ಒಗೆದ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಬರುತ್ತದೆ. ಉಳಿದ ಎಂಟು ತಿಂಗಳು ಸಮುದ್ರದ ಉಪ್ಪುಗಾಳಿ. ಇಂಥಾ ಊರಿನಲ್ಲಿ ಕಬ್ಬಿಣದ ಕೊಳವೆಯನ್ನು ಸುಮ್ಮನೆ ಇಟ್ಟರೆ ಅದು ಸುಮ್ಮನೆ ಇರುತ್ತದೆಯೇ?

ನಮ್ಮ ಅಣ್ಣನ ಕೈ

ಕ್ರಮ ಹೇಳುವ ಮೊದಲು ಒಂದು ಘಟನೆ ಹೇಳಬೇಕು. ಇದನ್ನು ಹೇಳಲು ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬಂದಿದ್ದೇನೆ.

1988ನೇ ಇಸವಿ. ನಾನು ಆಗ ಉತ್ತರದಲ್ಲಿ ಇದ್ದೆ. ಮನೆಯಲ್ಲಿ ತಂದೆಯವರ ಕಾಲದ ಒಂಟಿ ನಳಿಗೆಯ ತೋಟೆ ಕೋವಿ ಇತ್ತು. ಅಣ್ಣನ ಹೆಸರಿಗೆ ಲೈಸನ್ಸ್. ಮಳೆಗಾಲ ಬಂತಲ್ಲ ಎಂದು ನಾನು ಅಲ್ಲಿಂದ ಒಂದು ಇನ್‌ಲ್ಯಾಂಡ್ ಪತ್ರ ಬರೆದೆ: "ಕೋವಿಯ ನಳಿಗೆಯನ್ನು ಒಳಗಿನಿಂದ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಎಣ್ಣೆ ಹಾಕಿ ಇಡು, ತುಕ್ಕು ಹಿಡಿಯುತ್ತದೆ." ಅಣ್ಣ ನನ್ನ ಮಾತು ಮೀರಿದವರಲ್ಲ. ಪತ್ರ ಓದಿದ ದಿನವೇ ಅಡಿಕೆ ಸಲಾಕೆಯ ಒಂದು ಕೋಲು ಕೆತ್ತಿ, ತುದಿಗೆ ಹಳೆ ಬೈರಾಸಿನ ತುಂಡು ಸುತ್ತಿ, ನಳಿಗೆಯ ಒಳಗೆ ಹಾಕಿ ತಿಕ್ಕಿದರು. ಕೋಲು ಹೊರಗೆ ಬಂತು. ಬಟ್ಟೆ ಬರಲಿಲ್ಲ. ಮಧ್ಯದಲ್ಲಿ ಕಚ್ಚಿಕೊಂಡು ನಿಂತಿತು. ಅವರಿಗೆ ಅದು ಗೊತ್ತಾಗಲಿಲ್ಲ. ಎರಡು ಮೂರು ತುಂಡು ಬಟ್ಟೆ ಬಳಸಿದ್ದರು, ಲೆಕ್ಕ ಇಟ್ಟಿರಲಿಲ್ಲ. ಬಟ್ಟೆ ನಿಂತಿದ್ದ ಕಾರಣ ಮೇಲಿಂದ ಹಾಕಿದ ಎಣ್ಣೆಯೂ ಅಲ್ಲೇ ನಿಂತಿತು.

ಏಣಿಲು ಪೈರು ತೆನೆ ಬಿಟ್ಟ ಕಾಲಕ್ಕೆ ಒಂದು ರಾತ್ರಿ ಗದ್ದೆಗೆ ಹಂದಿ ಇಳಿಯಿತು. ಅಣ್ಣ ಎದ್ದು ಕೋವಿಗೆ ತೋಟೆ ಹಾಕಿ, ಅಂಗಳದಿಂದಲೇ ಆಕಾಶಕ್ಕೆ ಒಂದು ಈಡು ಬಿಟ್ಟರು. ಹಂದಿ ಓಡಿತು. ಆದರೆ ನಳಿಗೆ ಮಧ್ಯಕ್ಕೆ ಸೀಳಿ ಹೋಗಿತ್ತು. ಎಡಗೈಯ ಎರಡು ಬೆರಳು ಹೋಯಿತು. ಆ ರಾತ್ರಿಯಲ್ಲಿ ಜೀಪು ಹುಡುಕಿ ಮಂಗಳೂರಿನ ಆಸ್ಪತ್ರೆಗೆ ಕೊಂಡುಹೋದರಂತೆ. ನನಗೆ ತಂತಿ ಬಂತು.

ನಾನು ರಜೆಯಲ್ಲಿ ಬಂದವನು ಮೊದಲು ನೋಡಿದ್ದು ಅಣ್ಣನ ಕೈಯನ್ನು, ಆಮೇಲೆ ಆ ನಳಿಗೆಯನ್ನು. ಸೀಳಿದ ಕಬ್ಬಿಣದ ಅಂಚಿನಲ್ಲಿ ಸುಟ್ಟ ಬೈರಾಸಿನ ಎಳೆ ಅಂಟಿಕೊಂಡಿತ್ತು. ನೂರಾರು ರೈಫಲ್‌ಗಳನ್ನು ಪರೀಕ್ಷೆ ಮಾಡಿ ಸಹಿ ಹಾಕಿದ ನಾನು, ಮನೆಗೆ ಬರೆದ ಪತ್ರದಲ್ಲಿ ಒಂದು ಸಾಲು ಬಿಟ್ಟಿದ್ದೆ: "ಒರೆಸಿದ ಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡು." ನಮಗೆ ಸೈನ್ಯದಲ್ಲಿ ಅದು ಉಸಿರಾಡಿದಷ್ಟು ಸಹಜ, ಹಾಗಾಗಿ ಬರೆಯಬೇಕೆಂದು ತೋಚಲಿಲ್ಲ. ಇವತ್ತಿನ ನನ್ನ ಭಾಷಣ ಅಂದರೆ ಆ ಬಿಟ್ಟುಹೋದ ಒಂದು ಸಾಲು, ಅಷ್ಟೆ.

ಒಂದು ಬಟ್ಟೆ ತುಂಡು ಕಬ್ಬಿಣವನ್ನು ಸೀಳುವುದು ಹೇಗೆ ಎಂದು ನೀವು ಕೇಳಬಹುದು. ಹನ್ನೆರಡು ಬೋರಿನ ತೋಟೆ ಹಾರಿದಾಗ ನಳಿಗೆಯೊಳಗೆ ಚದರ ಇಂಚಿಗೆ ಹತ್ತು ಸಾವಿರ ಪೌಂಡಿನ ಆಸುಪಾಸು ಒತ್ತಡ ಏಳುತ್ತದೆ. ನಿಮ್ಮ ಕಾರಿನ ಟಯರಿಗೆ ಹಾಕುವ ಗಾಳಿ ಮೂವತ್ತು ಪೌಂಡು. ಹೋಲಿಸಿ ನೋಡಿ. ಎದುರಿಗೆ ದಾರಿ ತೆರೆದಿದ್ದರೆ ಚರೆ ಮುಂದೆ ಓಡುತ್ತದೆ, ಹಿಂದಿನ ಗಾಳಿಗೆ ಜಾಗ ಸಿಗುತ್ತದೆ, ಒತ್ತಡ ಇಳಿಯುತ್ತದೆ. ದಾರಿಯಲ್ಲಿ ಏನಾದರೂ ಅಡ್ಡ ಇದ್ದರೆ ಅಷ್ಟು ವೇಗದಲ್ಲಿ ಬಂದ ಚರೆ ಅಲ್ಲಿ ಗಕ್ಕನೆ ತಡೆಯುತ್ತದೆ. ಆ ಜಾಗದಲ್ಲಿ ಒತ್ತಡ ಒಮ್ಮೆಲೇ ಏರಿ ನಳಿಗೆ ಉಂಗುರದ ಹಾಗೆ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ. ಮುಂಭಾಗದಲ್ಲಿ ನಳಿಗೆಯ ಕಬ್ಬಿಣ ತೆಳು. ಎಡಗೈ ಇರುವುದೂ ಆ ಕಡೆಯೇ.

ಅಡ್ಡ ಅಂದರೆ ಬಟ್ಟೆಯೇ ಆಗಬೇಕೆಂದಿಲ್ಲ. ನಮ್ಮ ಮನೆಗಳಲ್ಲಿ ಕಿಟಕಿಯ ಮೂಲೆಗೆ, ಬೀಗದ ತೂತಿಗೆ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳ ಗೊತ್ತುಂಟಲ್ಲ? ಬಾಯಿ ತೆರೆದಿಟ್ಟ ನಳಿಗೆ ಅದಕ್ಕೆ ಹೇಳಿ ಮಾಡಿಸಿದ ಮನೆ. ಎರಡು ದಿನ ಸಾಕು. ತೋಟದಲ್ಲಿ ಜಾರಿ ಬಿದ್ದಾಗ ನಳಿಗೆಯ ಬಾಯಿಗೆ ಮೆತ್ತಿದ ಕೆಸರು, ಗಟ್ಟಿಯಾದ ಗ್ರೀಸಿನ ಉಂಡೆ, ಇವೆಲ್ಲ ಅಡ್ಡವೇ.

ಮಸಿ, ಉಪ್ಪು ಮತ್ತು ಬಿಸಿನೀರು

ಇನ್ನು ಕ್ರಮಕ್ಕೆ ಬರುತ್ತೇನೆ. ನಮ್ಮಲ್ಲಿ ಇರುವುದು ಎರಡು ಜಾತಿ. ಒಂದು, ನಳಿಗೆಯ ಬಾಯಿಯಿಂದ ಮದ್ದು, ತೆಂಗಿನ ನಾರು, ಚರೆ ಹಾಕಿ ಗಜದಲ್ಲಿ ಜಡಿಯುವ ಕೇಪಿನ ಕೋವಿ. ಲೈಸನ್ಸ್ ಪುಸ್ತಕದಲ್ಲಿ ಎಸ್.ಬಿ.ಎಂ.ಎಲ್. ಎಂದು ಬರೆದಿರುತ್ತದೆ. ಇನ್ನೊಂದು, ನಡು ಮುರಿದು ಹಿಂದಿನಿಂದ ತೋಟೆ ಹಾಕುವ ಕೋವಿ. ಒಂಟಿ ನಳಿಗೆಯದ್ದಕ್ಕೆ ಎಸ್.ಬಿ.ಬಿ.ಎಲ್., ಜೋಡು ನಳಿಗೆಯದ್ದಕ್ಕೆ ಡಿ.ಬಿ.ಬಿ.ಎಲ್. ಎಂದು ಬರೆಯುತ್ತಾರೆ. ಇವೆಲ್ಲ ಒಳಗೆ ನುಣುಪಾದ ನಳಿಗೆ. ಹನ್ನೆರಡು ಬೋರು ಎಂದರೆ ನಳಿಗೆಯ ಒಳಗಾತ್ರದ ಹನ್ನೆರಡು ಸೀಸದ ಗುಂಡು ಸೇರಿದರೆ ಒಂದು ಪೌಂಡು ತೂಕ ಎಂಬ ಹಳೆಯ ಲೆಕ್ಕ. ಒಳಗಿನ ಅಳತೆ ಸುಮಾರು 18.5 ಮಿಲಿಮೀಟರು. ರೈಫಲ್ ಬೇರೆ. ಅದರ ನಳಿಗೆಯೊಳಗೆ ಸುರುಳಿ ಸುರುಳಿಯಾಗಿ ಗಾಡಿ ಕೊರೆದಿರುತ್ತದೆ. ಹಳೆಯ 303 ರೈಫಲಿನಲ್ಲಿ ಸಾಮಾನ್ಯವಾಗಿ ಐದು ಗಾಡಿ. ಗುಂಡನ್ನು ತಿರುಗಿಸಿ ನೇರ ಕಳಿಸುವುದೇ ಆ ಗಾಡಿ. ಅದರ ಮೂಲೆಯಲ್ಲಿ ಕೂತ ಮಸಿ ಸುಲಭದಲ್ಲಿ ಬರುವುದಿಲ್ಲ, ಆದ್ದರಿಂದ ರೈಫಲಿಗೆ ಇನ್ನೂ ಹೆಚ್ಚು ಆರೈಕೆ ಬೇಕು.

ಮೊದಲು ಕೇಪಿನ ಕೋವಿ. ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಸುಟ್ಟಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಾಗುವುದಿಲ್ಲ. ಹೊಗೆಯಾಗಿ, ಮಸಿಯಾಗಿ, ಉಪ್ಪಾಗಿ ಉಳಿಯುತ್ತದೆ. ಹಳೆಯ ಕ್ರಮದ ಕೇಪಿನಲ್ಲಿ ಪೊಟಾಸಿಯಂ ಕ್ಲೋರೇಟ್ ಎಂಬ ವಸ್ತು ಇರುತ್ತದೆ. ಅದು ಸುಟ್ಟ ಮೇಲೆ ನಳಿಗೆಯಲ್ಲಿ ಉಳಿಯುವುದು ಪೊಟಾಸಿಯಂ ಕ್ಲೋರೈಡ್, ನಮ್ಮ ಅಡುಗೆ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುತ್ತದಲ್ಲ, ಅದೇ ರೀತಿ ನಳಿಗೆಯೊಳಗಿನ ಈ ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಒಂದೇ ರಾತ್ರಿಯಲ್ಲಿ ತುಕ್ಕು ಆರಂಭ.

ಇಲ್ಲಿ ನಮ್ಮವರು ಮಾಡುವ ತಪ್ಪು ಏನೆಂದರೆ, ನೇರ ಎಣ್ಣೆ ಹಾಕುವುದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಉಪ್ಪಿನ ಮೇಲೆ ಎಣ್ಣೆ ಹಾಕಿದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಕಬ್ಬಿಣಕ್ಕೆ ನೀರಾ ಎಂದು ಹೆದರಬೇಡಿ. 303ರ ಹಳೆಯ ತೋಟೆಯ ಕಾಲದಲ್ಲಿ ಸೈನ್ಯದಲ್ಲಿಯೂ ಹಾರಿಸಿದ ಮೇಲೆ ನಳಿಗೆಗೆ ಕುದಿಯುವ ನೀರು ಹೊಯ್ಯುವುದೇ ಕ್ರಮವಾಗಿತ್ತು.

ಆದರೆ ಎಲ್ಲಕ್ಕಿಂತ ಮೊದಲು, ಕೋವಿ ಖಾಲಿ ಉಂಟಾ ಎಂದು ನೋಡಿ. ಕೇಪಿನ ಕೋವಿಯ ಒಳಗೆ ಬೆಳಕು ಹಾಯುವುದಿಲ್ಲ, ಹಿಂದೆ ಮುಚ್ಚಿರುತ್ತದೆ. ಅದಕ್ಕೊಂದು ಸುಲಭ ಉಪಾಯ: ಖಾಲಿ ಎಂದು ಖಚಿತ ಇರುವ ದಿನ ಗಜವನ್ನು ತಳದವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೀರು ಹಾಕಿಡಿ. ಮುಂದೆ ಯಾವಾಗ ಗಜ ಇಳಿಸಿದರೂ ಗೀರು ಬಾಯಿಗೆ ಸರಿ ಬಂದರೆ ಖಾಲಿ. ಗೀರು ಮೇಲೆ ನಿಂತರೆ ಒಳಗೆ ಈಡು ಉಂಟು, ಇಲ್ಲವೇ ಬೇರೇನೋ ಉಂಟು. ಎಷ್ಟೋ ಮನೆಗಳಲ್ಲಿ ಹೋದ ವರ್ಷ ಜಡಿದ ಈಡು ಹಾಗೆಯೇ ಇರುತ್ತದೆ, ಮನೆಯವರಿಗೆ ಮರೆತಿರುತ್ತದೆ. ಗಜ ಇಳಿಸುವಾಗ ಕೇಪು ತೆಗೆದಿರಬೇಕು, ಮುಖ ನಳಿಗೆಯ ಮೇಲೆ ಬಗ್ಗಿರಬಾರದು.

ಖಾಲಿ ಎಂದು ಖಚಿತವಾದ ಮೇಲೆ ಕೇಪು ಕೂರಿಸುವ ಸಣ್ಣ ತಿರುಪನ್ನು ಬಿಚ್ಚಿ ತೆಗೆಯಿರಿ. ನಳಿಗೆಯನ್ನು ಮರದಿಂದ ಬೇರ್ಪಡಿಸಲು ಬರುವುದಾದರೆ ಬೇರ್ಪಡಿಸಿ. ತಳಭಾಗವನ್ನು ಬಿಸಿನೀರಿನ ಬಾಲ್ದಿಯಲ್ಲಿಟ್ಟು, ಗಜದ ತುದಿಗೆ ಬಟ್ಟೆ ಬಿಗಿಯಾಗಿ ಕಟ್ಟಿ ಮೇಲೆ ಕೆಳಗೆ ಆಡಿಸಿ. ಸೈಕಲ್ ಪಂಪಿನಂತೆ ನೀರು ಒಳಗೆ ಎಳೆದು ಹೊರಗೆ ಬಿಡುತ್ತದೆ. ಮೊದಲು ಕಾಡಿಗೆಯಂಥಾ ನೀರು ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಗಂಧಕದ್ದು. ನೀರು ತಿಳಿಯಾಗುವವರೆಗೆ ಬದಲಿಸಿ. ಕೊನೆಗೆ ಕುದಿಯುವ ನೀರು ಒಮ್ಮೆ ಹೊಯ್ದರೆ ನಳಿಗೆ ಕಾದು ತನ್ನ ಬಿಸಿಗೆ ತಾನೇ ಒಣಗುತ್ತದೆ. ಕೈ ಸುಟ್ಟುಕೊಳ್ಳಬೇಡಿ, ಚಿಂದಿ ಹಿಡಿದುಕೊಳ್ಳಿ. ಒಣ ಬಟ್ಟೆ ಎರಡು ಮೂರು ಸಲ ಹಾಯಿಸಿ, ಬೆಚ್ಚಗಿರುವಾಗಲೇ ತೆಳ್ಳಗೆ ಎಣ್ಣೆ ಒರೆಸಿ. ಈ ಕೆಲಸ ಹಾರಿಸಿದ ದಿನವೇ ಆಗಬೇಕು. ನಾಳೆಗೆ ಇಟ್ಟರೆ ತುಕ್ಕಿಗೆ ಬಡ್ಡಿ ಸೇರುತ್ತದೆ.

ತೋಟೆ ಕೋವಿ ಮತ್ತು ರೈಫಲ್

ತೋಟೆ ಕೋವಿಯ ಕೆಲಸ ಸುಲಭ. ಕೋವಿ ಮುರಿದು ತೋಟೆ ಇಲ್ಲ ಎಂದು ಕಣ್ಣಿನಿಂದ ನೋಡಿ, ಬೆರಳು ಹಾಕಿಯೂ ನೋಡಿ. ತೋಟೆಗಳನ್ನು ಬೇರೆ ಕೋಣೆಯಲ್ಲಿಡಿ, ಮಕ್ಕಳನ್ನು ದೂರ ಇಡಿ. ಕೆಳಗಿನ ಮರ ಬಿಡಿಸಿ ನಳಿಗೆಯನ್ನು ಬೇರೆ ತೆಗೆಯಿರಿ. ಕಡ್ಡಿಯನ್ನು ಯಾವಾಗಲೂ ತೋಟೆ ಹಾಕುವ ಕಡೆಯಿಂದ ತೂರಿಸಿ. ನಳಿಗೆಯ ಬಾಯಿಯ ಅಂಚು ಸವೆದರೆ, ಅದರಲ್ಲೂ ರೈಫಲಿನಲ್ಲಿ, ಗುರಿ ಕೆಡುತ್ತದೆ.

ಮೊದಲು ನಳಿಗೆ ತೊಳೆಯುವ ಎಣ್ಣೆಯನ್ನು ಬಟ್ಟೆಗೆ ಹಾಕಿ ಹಾಯಿಸಿ. ಅದು ಇಲ್ಲದಿದ್ದರೆ ಸ್ವಲ್ಪ ಸೀಮೆಎಣ್ಣೆ. ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಹಿತ್ತಾಳೆ ತಂತಿಯ ಬುರುಸು. ಉಕ್ಕಿನ ಬುರುಸು ಬೇಡ, ಗೀರು ಬೀಳುತ್ತದೆ. ಬುರುಸು ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ಪೂರ್ತಿ ಹೊರಗೆ ಬರಲಿ, ಮಧ್ಯದಲ್ಲಿ ತಿರುಗಿಸಿ ಎಳೆಯಬೇಡಿ. ತೋಟೆ ಕೂರುವ ಜಾಗದ ಮುಂದೆ ಮತ್ತು ಬಾಯಿಯ ಹತ್ತಿರ ಸೀಸ ಮೆತ್ತಿರುತ್ತದೆ, ಅಲ್ಲಿ ನಾಲ್ಕು ಸಲ ಹೆಚ್ಚು. ಆಮೇಲೆ ಒಣ ಬಟ್ಟೆ. ಕರಿ ಬಟ್ಟೆ, ಬೂದು ಬಟ್ಟೆ, ಬಿಳಿ ಬಟ್ಟೆ. ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬಂದಾಗ ಕೆಲಸ ಮುಗಿಯಿತು.

ಬಟ್ಟೆಗೆ ಹಳೆಯ ಹತ್ತಿ ಪಂಚೆ ಒಳ್ಳೆಯದು. ಟೆರಿಲಿನ್, ನೈಲಾನ್ ನೀರು ಹೀರುವುದಿಲ್ಲ. ಸೈನ್ಯದಲ್ಲಿ, ಎನ್.ಸಿ.ಸಿ.ಯಲ್ಲಿ ಇದಕ್ಕೆ ಅಳತೆಯೇ ಉಂಟು: ಒರೆಸಲು ನಾಲ್ಕು ಇಂಚು ಉದ್ದ ಎರಡು ಇಂಚು ಅಗಲದ ಚಿಂದಿ, ಎಣ್ಣೆ ಹಚ್ಚಲು ನಾಲ್ಕು ಇಂಚಿಗೆ ಒಂದೂವರೆ. ಎಣ್ಣೆಯ ಚಿಂದಿ ಸಣ್ಣದು ಯಾಕೆಂದರೆ ಅದು ಸಡಿಲವಾಗಿ ಹೋಗಬೇಕು, ಬಿಗಿಯಾದರೆ ಎಣ್ಣೆಯನ್ನೆಲ್ಲ ಒರೆಸಿಕೊಂಡೇ ಬರುತ್ತದೆ. ಅದನ್ನು ಪುಲ್‌ಥ್ರೂ ಎಂಬ ಹಗ್ಗದ ಕುಣಿಕೆಗೆ ಸಿಕ್ಕಿಸಿ ಎಳೆಯುತ್ತಾರೆ. ಹಗ್ಗ ನೇರ ಬರಬೇಕು, ಬಾಯಿಯ ಅಂಚಿಗೆ ಉಜ್ಜಬಾರದು. ಬಾವಿಯ ಹಗ್ಗ ದಂಡೆಯ ಕಲ್ಲನ್ನೇ ಸವೆಸುತ್ತದೆ, ಕಬ್ಬಿಣ ಯಾವ ಲೆಕ್ಕ?

ಇಲ್ಲಿ ನನ್ನ ಮುಖ್ಯ ಮಾತು. ಬಟ್ಟೆ ಎಣಿಸಿ. ಐದು ತುಂಡು ತೆಗೆದುಕೊಂಡು ಕೂತರೆ ಏಳುವಾಗ ಐದೂ ನಿಮ್ಮ ಎದುರಿಗೆ ನೆಲದ ಮೇಲೆ ಇರಬೇಕು. ನಮ್ಮ ಸಂಘದಲ್ಲಿ ಸಂಜೆ ಕ್ಯಾಶ್ ಮುಚ್ಚುವಾಗ ಪುಸ್ತಕಕ್ಕೂ ಪೆಟ್ಟಿಗೆಗೂ ತಾಳೆ ನೋಡುತ್ತಾರಲ್ಲ, ಹಾಗೆ. ಆಮೇಲೆ ನಳಿಗೆಯನ್ನು ಆಕಾಶಕ್ಕೋ ಬಿಳಿ ಗೋಡೆಗೋ ಹಿಡಿದು ನೋಡಿ. ಒಳಗೆ ಬೆಳಕಿನ ಬಳೆಗಳು ಒಂದರೊಳಗೊಂದು ದುಂಡಗೆ ಕಾಣಬೇಕು. ಕಂದು ಚುಕ್ಕೆ ಕಂಡರೆ ತುಕ್ಕು. ಸಣ್ಣ ಗುಳಿ ಕಂಡರೆ ತುಕ್ಕು ಕಬ್ಬಿಣ ತಿಂದಿದೆ ಎಂದು ಅರ್ಥ. ಒಂದು ಕಡೆ ಕಪ್ಪು ಉಂಗುರದಂಥಾ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಅಂಥಾ ಕೋವಿಯನ್ನು ಹಾರಿಸಬೇಡಿ. ಇದೇ ನೋಟವನ್ನು ತೋಟೆ ಹಾಕುವ ಮೊದಲು ಪ್ರತಿ ಸಲ ನೋಡಿ. ರಾತ್ರಿಯಾದರೆ ಟಾರ್ಚ್ ಹಿಡಿದು ನೋಡಿ. ಹಂದಿ ಇನ್ನೊಂದು ಗೆಣಸು ತಿಂದರೆ ತಿನ್ನಲಿ. ಕೇಪಿನ ಕೋವಿಯವರಿಗೆ ಗಜದ ಗೀರೇ ಕಣ್ಣು.

ಎಣ್ಣೆ, ಮಳೆಗಾಲ, ಚುನಾವಣೆ

ಎಣ್ಣೆಯ ವಿಷಯ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ. ತಲೆಗೂ ಅದೇ, ಬಾಗಿಲಿನ ಕೀಲಿಗೂ ಅದೇ, ಕೋವಿಗೂ ಅದೇ. ಕೋವಿಗೆ ಬೇಡ. ಅದು ತಿನ್ನುವ ಎಣ್ಣೆ, ದಿನ ಹೋದಂತೆ ಕನರಿ ಅಂಟಾಗುತ್ತದೆ, ಧೂಳು ಹಿಡಿಯುತ್ತದೆ, ಡಿಸೆಂಬರಿನ ಚಳಿಗೆ ಹೆಪ್ಪುಗಟ್ಟುತ್ತದೆ. ಸೀಮೆಎಣ್ಣೆ ತೊಳೆಯಲು ಸರಿ, ಕಾಪಾಡಲು ಅಲ್ಲ. ಅದು ಆರಿಹೋದ ಮೇಲೆ ಕಬ್ಬಿಣ ಬರಿಮೈಯಲ್ಲಿ ನಿಲ್ಲುತ್ತದೆ. ಸುಟ್ಟ ಇಂಜಿನ್ ಆಯಿಲಿನಲ್ಲಿ ಆಮ್ಲವೂ ಮಸಿಯೂ ಇರುತ್ತದೆ. ಕೋವಿಗೆಂದೇ ಬರುವ ಎಣ್ಣೆ ಉತ್ತಮ. ಸಿಗದಿದ್ದರೆ ಹೊಲಿಗೆ ಮೆಷಿನಿನ ಎಣ್ಣೆ ಆದೀತು. ಅದೂ ತೆಳ್ಳಗೆ. ಎಣ್ಣೆ ಹೆಚ್ಚಾದರೆ ಇಳಿದು ಕುದುರೆಯ ಯಂತ್ರಕ್ಕೂ ಮರಕ್ಕೂ ಸೇರಿ ಮರ ಮೆತ್ತಗಾಗುತ್ತದೆ. ಹಾರಿಸುವ ಮೊದಲು ನಳಿಗೆಯ ಎಣ್ಣೆಯನ್ನು ಒಣ ಬಟ್ಟೆಯಿಂದ ಒರೆಸಿಬಿಡಬೇಕು.

ಇಡುವ ಜಾಗ. ಚರ್ಮದ ಚೀಲದಲ್ಲಿ, ಪ್ಲಾಸ್ಟಿಕ್ ಹೊದಿಕೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಒಳಗೆ ಸೇರಿದ ತೇವ ಹೊರಗೆ ಹೋಗುವುದಿಲ್ಲ. ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆಯ ಮಸಿ ಕಬ್ಬಿಣಕ್ಕೆ ಒಳ್ಳೆಯದಲ್ಲ. ಹೊರಗೋಡೆಗೆ ತಾಗಿಸಿ ನಿಲ್ಲಿಸಬೇಡಿ. ಬೀಗವಿರುವ ಒಣ ಕಪಾಟು, ಅದರೊಳಗೆ ಮಳೆಗಾಲದಲ್ಲಿ ಹಳೆಯ ಜಾತಿಯ ಒಂದು ಜೀರೋ ಬಲ್ಬಿನ ಬಿಸಿ, ಇಷ್ಟು ಸಾಕು. ಬಾಯಿಗೆ ಬಟ್ಟೆ ತುರುಕಬೇಡಿ. ಹುಳ ಬಾರದಂತೆ ಹೊರಗಿನಿಂದ ತೆಳು ಬಟ್ಟೆಯ ಟೊಪ್ಪಿ ಹಾಕಿ ದಾರ ಕಟ್ಟಿ, ಕಣ್ಣಿಗೆ ಹೊಡೆಯುವ ಕೆಂಪು ಬಟ್ಟೆಯಾದರೆ ಒಳ್ಳೆಯದು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ. ಬರಿಗೈಯ ಬೆವರೂ ಉಪ್ಪೇ. ಮುಟ್ಟಿದ ಮೇಲೆ ಎಣ್ಣೆ ಬಟ್ಟೆಯಿಂದ ಒಮ್ಮೆ ಹೊರಮೈ ಒರೆಸಿ.

ಆಯುಧ ಪೂಜೆಯ ದಿನ ಕೋವಿಗೆ ಗಂಧ, ಕುಂಕುಮ, ಹೂ ಇಡುತ್ತೇವೆ. ಇಡಬೇಕಾದ್ದೇ. ಆದರೆ ಒದ್ದೆ ಗಂಧ ಅಲ್ಲೇ ಒಣಗಿದರೆ ಕೆಳಗೆ ತುಕ್ಕಿನ ಬೊಟ್ಟು ಏಳುತ್ತದೆ. ಮರುದಿನ ಒರೆಸಿ ಎಣ್ಣೆ ಹಚ್ಚಿ. ನಮ್ಮ ನೆರೆಯ ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ತಿಂಗಳಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮನೆಯ ಕೋವಿಗಳನ್ನೆಲ್ಲ ತೆಗೆದು, ಶುಚಿ ಮಾಡಿ, ತೋಕ್ ಪೂ ಎಂಬ ಹೂವಿಟ್ಟು ಪೂಜೆ ಮಾಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಉಂಟು. ಕೇಂದ್ರ ಸರಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಮಳೆ ಇಳಿಯುವ ಹೊತ್ತಿಗೇ ಕೋವಿಯನ್ನು ಒಮ್ಮೆ ಹೊರಗೆ ತೆಗೆಯಬೇಕೆಂದು ಅವರ ಹಿರಿಯರು ಹಬ್ಬವನ್ನೇ ಇಟ್ಟುಕೊಂಡಂತಿದೆ. ನಮಗೂ ಅಂಥಾ ಒಂದು ದಿನ ಇದ್ದರೆ ಒಳ್ಳೆಯದು.

ಇನ್ನು ಚುನಾವಣೆ. 2024ರ ಲೋಕಸಭಾ ಚುನಾವಣೆಗೆ ನೀತಿಸಂಹಿತೆ ಬಂದದ್ದು ಮಾರ್ಚ್ 16ಕ್ಕೆ. ನಮ್ಮ ಜಿಲ್ಲೆಯಲ್ಲಿ ಮತದಾನ ಏಪ್ರಿಲ್ 26ಕ್ಕೆ. ಎಣಿಕೆ ಜೂನ್ 4ಕ್ಕೆ. ನಾನು ನನ್ನ ಕೋವಿಯನ್ನು ಸೆಕೆಯಲ್ಲಿ ಬೆವರುತ್ತಾ ಕೊಂಡುಹೋಗಿ ಠೇವಣಿ ಇಟ್ಟೆ. ಬಿಡಿಸಿಕೊಂಡು ಬಂದದ್ದು ಮಳೆ ಶುರುವಾದ ಮೇಲೆ. ಮನೆಯಲ್ಲಿ ಹೊದಿಕೆ ಬಿಚ್ಚಿದರೆ ನಳಿಗೆಯ ಹೊರಮೈಯಲ್ಲಿ ನನ್ನದೇ ಐದು ಬೆರಳಿನ ಗುರುತು, ತುಕ್ಕಿನಲ್ಲಿ. ಅದು ಇಟ್ಟುಕೊಂಡವರ ತಪ್ಪಲ್ಲ, ಎಣ್ಣೆ ಹಚ್ಚದೆ ಕೊಟ್ಟ ನನ್ನ ತಪ್ಪು. ಆರ್ಮರರ್ ಆಗಿದ್ದವನ ಕತೆಯೇ ಹೀಗೆ, ಮಾರಾಯ್ರೆ! ಆದ್ದರಿಂದ ಠೇವಣಿಗೆ ಕೊಡುವ ಮುನ್ನ ಶುಚಿ ಮಾಡಿ, ಒಳಗೆ ಹೊರಗೆ ತೆಳುವಾಗಿ ಗ್ರೀಸ್ ಹಚ್ಚಿ, "ನಳಿಗೆಯಲ್ಲಿ ಗ್ರೀಸ್ ಉಂಟು, ಒರೆಸದೆ ಹಾರಿಸಬಾರದು" ಎಂದು ಚೀಟಿ ಕಟ್ಟಿ. ಕೋವಿಯ ನಂಬರು ಸರಿಯಾಗಿ ಬರೆದ ರಶೀದಿ ತೆಗೆದುಕೊಳ್ಳಿ. ವಾಪಸು ಬಂದ ದಿನವೇ ಬಿಚ್ಚಿ ನೋಡಿ.

ಇವು ಬೇಡ

ಕಡೆಗೆ, ಮಾಡಬಾರದ ಕೆಲವು. ತುಕ್ಕು ಹೋಗಲೆಂದು ಮರಳು ಕಾಗದದಲ್ಲಿ ತಿಕ್ಕಬೇಡಿ. ಕಬ್ಬಿಣದ ಮೇಲಿನ ನೀಲಿಕಪ್ಪು ಲೇಪ ಹೋಗಿ ತುಕ್ಕು ಇಮ್ಮಡಿಯಾಗುತ್ತದೆ. ಎಣ್ಣೆ ಹಾಕಿ ಒಂದು ದಿನ ಬಿಟ್ಟು ಹಿತ್ತಾಳೆ ಬುರುಸಿನಲ್ಲಿ ಮೆಲ್ಲ ಉಜ್ಜಿ. ಗುಳಿ, ಉಬ್ಬು, ಬಿರುಕು ಇದ್ದರೆ ವೆಲ್ಡಿಂಗ್ ಅಂಗಡಿಗೆ ಕೊಂಡುಹೋಗಬೇಡಿ. ಬೆಸುಗೆಯ ಬಿಸಿಗೆ ಉಕ್ಕಿನ ಗಟ್ಟಿತನವೇ ಹೋಗುತ್ತದೆ. ಅಲ್ಲದೆ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಕೋವಿ ರಿಪೇರಿ ಮಾಡುವವನಿಗೂ ಲೈಸನ್ಸ್ ಬೇಕು. ಬಾಯಿ ಸವೆದಿದೆ ಎಂದು ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು ಕೂಡ ಅದೇ ಕಾಯಿದೆಯಲ್ಲಿ ಅಪರಾಧ. ಅಜ್ಜನ ಕಾಲದ ಕೆಲವು ವಿಲಾಯತಿ ಕೋವಿಗಳ ನಳಿಗೆಯ ಮೇಲೆ ಬಳ್ಳಿ ಬಳ್ಳಿಯಾಗಿ ಗೆರೆ ಕಾಣುತ್ತದೆ. ಅದು ಚಿತ್ತಾರ ಅಲ್ಲ. ಕಬ್ಬಿಣದ, ಉಕ್ಕಿನ ಪಟ್ಟಿ ಸುತ್ತಿ ಬಡಿದು ಬೆಸೆದ ಗುರುತು. ಅಂಥಾ ನಳಿಗೆ ಹೆಚ್ಚಾಗಿ ಕರಿಮದ್ದಿನ ಕಾಲದ್ದು, ಬೆಸುಗೆಯ ಒಳಗೆ ತುಕ್ಕು ಹೋದರೆ ಹೊರಗೆ ಕಾಣುವುದೂ ಇಲ್ಲ. ಇಂದಿನ ತೋಟೆಯನ್ನು ಅದರಲ್ಲಿ ಹಾರಿಸಬೇಡಿ. ತಿಳಿದವರಿಗೆ ತೋರಿಸಿ, ಇಲ್ಲವೇ ಗೌರವದಿಂದ ಸುಮ್ಮನೆ ಇಡಿ.

ಸಹಕಾರಿ ಬಂಧುಗಳೇ, ನಮ್ಮ ಜಿಲ್ಲೆಯಲ್ಲಿ ಮೊಳಹಳ್ಳಿ ಶಿವರಾಯರಂಥವರು ಸಹಕಾರದ ಬೀಜ ಬಿತ್ತಿದ್ದು ಒಬ್ಬನಿಗೆ ಆಗದ್ದು ಹತ್ತು ಜನ ಸೇರಿದರೆ ಆದೀತು ಎಂದು. ಅದೇ ಧೈರ್ಯದಿಂದ ಒಂದು ಸಣ್ಣ ಸಲಹೆ ಕೊಡುತ್ತೇನೆ. ಒಳ್ಳೆಯ ಕಡ್ಡಿ, ಹಿತ್ತಾಳೆ ಬುರುಸು, ಎಣ್ಣೆ ಒಬ್ಬೊಬ್ಬರೂ ಕೊಳ್ಳುವುದಿಲ್ಲ, ಅದಕ್ಕೇ ಅಡಿಕೆ ಸಲಾಕೆ ಹುಡುಕುತ್ತಾರೆ. ಸಂಘದ ಗೋದಾಮಿನಲ್ಲಿ ಔಷಧ ಬಿಡುವ ಪಂಪು ಬಾಡಿಗೆಗೆ ಇಟ್ಟಂತೆ ಇದನ್ನೂ ಎರಡು ಜೊತೆ ಇಟ್ಟರೆ ಖರ್ಚು ಹೆಚ್ಚಲ್ಲ. ಬೇಕಾದವರು ಮನೆಗೆ ಕೊಂಡುಹೋಗಿ ಶುಚಿ ಮಾಡಿ ತಂದಿಡಲಿ. ಉಪಯೋಗಿಸುವ ಕ್ರಮ ತಿಳಿಯದವರ ಮನೆಗೆ ನಾನೇ ಬಂದು ಹೇಳಿಕೊಡುತ್ತೇನೆ, ಒಂದು ಲೋಟ ಚಾ ಸಾಕು.

ನನ್ನ ಅಣ್ಣ ಇವತ್ತು ಇದೇ ಸಭೆಯಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಈ ಸಂಘ ಸುರುವಾದ ದಿನದ ಷೇರುದಾರರು ಅವರು. ಆ ಪತ್ರದ ಬಗ್ಗೆ ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಒಂದು ಮಾತು ಆಡಿಲ್ಲ. ನಿನ್ನೆ ರಾತ್ರಿ ಒಪ್ಪಿಗೆ ಕೇಳಲು ಹೋದಾಗ ಇಷ್ಟೇ ಹೇಳಿದರು: "ಹೇಳು. ಆದರೆ ಈ ಸಲ ಪೂರ್ತಿ ಹೇಳು."

ಪೂರ್ತಿ ಹೇಳಿದ್ದೇನೆ ಎಂದುಕೊಂಡಿದ್ದೇನೆ. ಬಟ್ಟೆ ಎಣಿಸಿ. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ.